ವ್ಯಸನ, ನ್ಯಾಯಾಲಯ ಮತ್ತು ನೆನಪು: ಮೌಖಿಕ ಚರಿತ್ರೆಯ ದಾಖಲೀಕರಣ ಕುರಿತ ಕೆಲವು ತಾತ್ವಿಕ ಪ್ರಶ್ನೆಗಳು

1. ಪ್ರವೇಶ

ಕನ್ನಡದ ಅಧ್ಯಯನಲೋಕಕ್ಕೆ ಮೌಖಿಕ ಪರಂಪರೆ ಹೊಸದಲ್ಲ. ಗೀತೆ, ಲಾವಣಿ, ಐತಿಹ್ಯ, ಕಾವ್ಯಗಳನ್ನು ಊರೂರು ತಿರುಗಿ ಸಂಗ್ರಹಿಸಿದ ವಿದ್ವಾಂಸರ ದೊಡ್ಡ ಪರಂಪರೆಯೇ ನಮ್ಮ ಬೆನ್ನಿಗಿದೆ. 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಫಿನ್‌ಲೆಂಡಿನ ಲೌರಿ ಹೊಂಕೊ ಅವರೊಂದಿಗೆ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಪ್ರಕಟವಾದ ಅದರ ಪಠ್ಯವು, ಹಾಡುವ ಬಾಯಿಂದ ಅಚ್ಚಿನ ಪುಟದವರೆಗಿನ ದಾರಿಯಲ್ಲಿ ಏನೇನು ಸಂಭವಿಸುತ್ತದೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡಿತು. ಕ್ಷೇತ್ರಕಾರ್ಯ, ವಕ್ತೃ, ಪಠ್ಯೀಕರಣ ಮುಂತಾದ ಪರಿಕಲ್ಪನೆಗಳು ನಮಗೆ ಬಂದಿರುವುದು ಈ ಬಗೆಯ ಕೆಲಸಗಳಿಂದ.

ಆದರೆ ಈ ಪರಂಪರೆಯ ವಕ್ತೃವಿಗೆ ಒಂದು ವಿಶೇಷವಿದೆ. ಆತ ಹೇಳುವುದು ಸಮುದಾಯದ ನೆನಪನ್ನು. ಅದನ್ನು ಬಲ್ಲವನೆಂಬುದೇ ಅವನಿಗೆ ಗೌರವ ತರುವ ಸಂಗತಿ. ಇದಕ್ಕೆ ತದ್ವಿರುದ್ಧವಾಗಿ, ಹೇಳಬೇಕಾದ ವಿಷಯ ತನ್ನದೇ ಅವಮಾನವೂ ಅಪರಾಧವೂ ಆಗಿರುವ ವ್ಯಕ್ತಿಯ ಮುಂದೆ ಧ್ವನಿಮುದ್ರಣ ಯಂತ್ರವನ್ನು ಇಟ್ಟರೆ ಏನಾಗುತ್ತದೆ? ಅವನು ಆ ಕತೆಯನ್ನು ಈ ಮೊದಲೇ ನ್ಯಾಯಾಧೀಶರ ಮುಂದೆ ಹತ್ತಾರು ಬಾರಿ ಹೇಳಿದ್ದರೆ, ಸಂಶೋಧಕನ ಕೈಗೆ ಬರುವುದು ನೆನಪೋ, ಹೇಳಿಕೆಯೋ? ಈ ಪ್ರಶ್ನೆಗಳನ್ನು ಅಮೆರಿಕದ ಮಾದಕವ್ಯಸನ ನ್ಯಾಯಾಲಯಗಳ ಸಂದರ್ಭದಲ್ಲಿಟ್ಟು ಪರಿಶೀಲಿಸುವುದು, ಅದರಿಂದ ಕನ್ನಡದ ಸಂಶೋಧಕರು ಪಡೆಯಬಹುದಾದ ವಿಧಾನಗಳನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮಾದಕವ್ಯಸನ ನ್ಯಾಯಾಲಯದ ಸ್ವರೂಪ

ಅಮೆರಿಕದ ಮೊದಲ ಮಾದಕವ್ಯಸನ ನ್ಯಾಯಾಲಯವು 1989ರಲ್ಲಿ ಫ್ಲಾರಿಡಾ ರಾಜ್ಯದ ಮಯಾಮಿಯಲ್ಲಿ ಆರಂಭವಾಯಿತು. ಕೊಕೇನಿನ ಇನ್ನೊಂದು ರೂಪವಾದ ಕ್ರ್ಯಾಕ್ ಆ ದಶಕದಲ್ಲಿ ನಗರಗಳ ಬಡ ಬಡಾವಣೆಗಳನ್ನು ವ್ಯಾಪಿಸಿತ್ತು. ಬಂಧಿತರ ಸಂಖ್ಯೆ ಸೆರೆಮನೆಗಳ ಸಾಮರ್ಥ್ಯವನ್ನು ಮೀರಿತ್ತು. ಬಿಡುಗಡೆಯಾದವರೇ ಮತ್ತೆ ಮತ್ತೆ ಅದೇ ಆರೋಪದ ಮೇಲೆ ಕಟಕಟೆಗೆ ಬರುತ್ತಿದ್ದರು. ಶಿಕ್ಷೆಯ ಬದಲು ನ್ಯಾಯಾಲಯದ ನಿಗಾದಲ್ಲಿ ಚಿಕಿತ್ಸೆ ಕೊಡಿಸುವ ಈ ಪ್ರಯೋಗಕ್ಕೆ 1994ರ ಅಪರಾಧ ನಿಯಂತ್ರಣ ಕಾಯಿದೆಯು ಕೇಂದ್ರ ಸರ್ಕಾರದ ಧನಸಹಾಯವನ್ನು ಒದಗಿಸಿತು. ಇಂದು ಆ ದೇಶದಲ್ಲಿ ಇಂಥ ನ್ಯಾಯಾಲಯಗಳು ಮೂರು ಸಾವಿರಕ್ಕೂ ಹೆಚ್ಚಿವೆ.

ಇದರ ಕಾರ್ಯವಿಧಾನವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಅರ್ಹ ಆರೋಪಿಯು ಸಾಮಾನ್ಯ ವಿಚಾರಣೆಯ ಬದಲು ಚಿಕಿತ್ಸೆಯನ್ನು ಆಯ್ದುಕೊಳ್ಳುತ್ತಾನೆ. ಅನೇಕ ಕಡೆ ಇದಕ್ಕೆ ಮುನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಬಳಿಕ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ನಿಯತವಾಗಿ ಮೂತ್ರಪರೀಕ್ಷೆ, ಆಪ್ತಸಮಾಲೋಚನೆ, ನ್ಯಾಯಾಧೀಶರ ಮುಂದೆ ಹಾಜರಾತಿ ನಡೆಯುತ್ತವೆ. ಪ್ರಗತಿ ಕಂಡರೆ ತುಂಬಿದ ನ್ಯಾಯಾಲಯದಲ್ಲಿ ಚಪ್ಪಾಳೆ ಮತ್ತು ಮೆಚ್ಚುಗೆಯ ಮಾತು; ತಪ್ಪಿದರೆ ಎಚ್ಚರಿಕೆಯಿಂದ ಹಿಡಿದು ಕೆಲವು ದಿನಗಳ ಸೆರೆವಾಸದವರೆಗೆ ದಂಡನೆ. ಎಲ್ಲ ಹಂತಗಳನ್ನು ದಾಟಿದವರಿಗೆ ಪದವಿ ಪ್ರದಾನದಂಥದೇ ಸಮಾರಂಭ ಏರ್ಪಡುತ್ತದೆ. ಆರೋಪ ವಜಾ ಆಗುತ್ತದೆ ಇಲ್ಲವೇ ಶಿಕ್ಷೆ ಕಡಿಮೆಯಾಗುತ್ತದೆ. ದಾಟಲಾಗದವರು, ಮೊದಲೇ ಒಪ್ಪಿಕೊಂಡ ತಪ್ಪಿನ ಮೇಲೆ ಶಿಕ್ಷೆ ಅನುಭವಿಸುತ್ತಾರೆ. ಪ್ರಾಸಿಕ್ಯೂಟರ್ ಮತ್ತು ಪ್ರತಿವಾದಿ ವಕೀಲರು ಇಲ್ಲಿ ಎದುರಾಳಿಗಳಾಗಿ ನಿಲ್ಲದೆ ಒಂದೇ ತಂಡದವರಂತೆ ವರ್ತಿಸಬೇಕೆಂಬುದು 1997ರಲ್ಲಿ ರೂಪುಗೊಂಡ ಹತ್ತು ಮೂಲಾಂಶಗಳಲ್ಲಿ ಒಂದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಾಮಾನ್ಯ ನ್ಯಾಯಾಲಯದಲ್ಲಿ ಆರೋಪಿಯ ಬದಲು ವಕೀಲರು ಮಾತನಾಡುತ್ತಾರೆ. ಮೌನವಾಗಿರುವುದು ಆರೋಪಿಯ ಹಕ್ಕು. ಮಾದಕವ್ಯಸನ ನ್ಯಾಯಾಲಯದಲ್ಲಿ ಆರೋಪಿಯೇ ಮಾತನಾಡಬೇಕು. ಅವನ ಮಾತು ಇಲ್ಲಿ ಚಿಕಿತ್ಸೆಯ ಭಾಗವಾಗಿರುವುದರ ಜೊತೆಗೆ ಪುರಾವೆಯೂ ಆಗುತ್ತದೆ.

3. ರೆಡ್ ಹುಕ್: ಒಂದು ಬಡಾವಣೆಯ ನೆನಪು

ಚಿಕಿತ್ಸೆಯ ಕಲ್ಪನೆಗೆ ಸಮುದಾಯದ ಕಲ್ಪನೆಯೂ ಕೂಡಿಕೊಂಡ ಮುಖ್ಯ ನಿದರ್ಶನ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ರೆಡ್ ಹುಕ್ ಸಮುದಾಯ ನ್ಯಾಯ ಕೇಂದ್ರ. ರೆಡ್ ಹುಕ್ ಸಮುದ್ರದಂಚಿನ ಹಳೆಯ ಬಂದರು ಬಡಾವಣೆ. ಹಡಗುಕಟ್ಟೆಯ ದುಡಿಮೆ ಕೈತಪ್ಪಿದ ಮೇಲೆ, ಹೆದ್ದಾರಿಯಿಂದಾಗಿ ನಗರದ ಉಳಿದ ಭಾಗದಿಂದ ಬೇರ್ಪಟ್ಟ ಈ ಪ್ರದೇಶದ ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ ಬಡತನ ಬೀಡುಬಿಟ್ಟಿತು. ಮಾದಕವಸ್ತುಗಳ ವ್ಯಾಪಾರ ಬೇರೂರಿತು. 1992ರ ಡಿಸೆಂಬರಿನಲ್ಲಿ, ಶಾಲೆ ಬಿಟ್ಟುಹೋಗಿದ್ದ ವಿದ್ಯಾರ್ಥಿಯೊಬ್ಬನನ್ನು ಹುಡುಕಿಕೊಂಡು ಹೊರಟ ಮುಖ್ಯೋಪಾಧ್ಯಾಯ ಪ್ಯಾಟ್ರಿಕ್ ಡೇಲಿ ಅವರು ಗುಂಪುಗಳ ಗುಂಡಿನ ಕಾಳಗದ ನಡುವೆ ಸಿಲುಕಿ ಮೃತರಾದರು. ಈ ಸಾವು ಹೊಸ ಬಗೆಯ ನ್ಯಾಯಾಲಯವೊಂದರ ಚಿಂತನೆಗೆ ಪ್ರೇರಣೆಯಾಯಿತು. 2000ದಲ್ಲಿ, ಖಾಲಿ ಬಿದ್ದಿದ್ದ ಕ್ಯಾಥೊಲಿಕ್ ಶಾಲೆಯೊಂದರ ಕಟ್ಟಡದಲ್ಲಿ ಕೇಂದ್ರವು ಬಾಗಿಲು ತೆರೆಯಿತು. ಸಣ್ಣ ಅಪರಾಧ, ಕುಟುಂಬ, ಬಾಡಿಗೆ ಮನೆ ಈ ಮೂರೂ ಬಗೆಯ ವ್ಯಾಜ್ಯಗಳು ಒಬ್ಬರೇ ನ್ಯಾಯಾಧೀಶರ ಮುಂದೆ ಬರುವ ಏರ್ಪಾಡು ಇಲ್ಲಿಯದು. ಅಲೆಕ್ಸ್ ಕಲಬ್ರೀಸ್ ಅವರು ಆರಂಭದಿಂದ ದೀರ್ಘಕಾಲ ಆ ಪೀಠದಲ್ಲಿದ್ದರು. ವ್ಯಸನ ಚಿಕಿತ್ಸೆಯ ಸಲಹೆಗಾರರು ಅದೇ ಕಟ್ಟಡದಲ್ಲಿದ್ದಾರೆ.

ರಾಜ್ಯ ನ್ಯಾಯಾಲಯಗಳ ರಾಷ್ಟ್ರೀಯ ಕೇಂದ್ರವು 2013ರಲ್ಲಿ ಪ್ರಕಟಿಸಿದ ಮೌಲ್ಯಮಾಪನವು, ಈ ಕೇಂದ್ರದಲ್ಲಿ ಪ್ರಕರಣ ಮುಗಿದ ವಯಸ್ಕರು ಮತ್ತೆ ಅಪರಾಧದಲ್ಲಿ ತೊಡಗುವ ಪ್ರಮಾಣ ಸಾಂಪ್ರದಾಯಿಕ ನ್ಯಾಯಾಲಯದವರಿಗಿಂತ ಶೇ. 10ರಷ್ಟು ಕಡಿಮೆಯೆಂದು ಗುರುತಿಸಿತು. ಅಂಕಿಅಂಶಗಳು ಇಷ್ಟನ್ನು ಹೇಳಬಲ್ಲವು. ಶಾಲೆಯಾಗಿದ್ದ ಕಟ್ಟಡಕ್ಕೆ ಆರೋಪಿಯಾಗಿ ಬಂದು ನಿಲ್ಲುವುದು ಹೇಗಿತ್ತು, ಮಗನ ಗಾಂಜಾ ಪ್ರಕರಣವನ್ನೂ ಮನೆ ಖಾಲಿ ಮಾಡಿಸುವ ನೋಟೀಸನ್ನೂ ಒಂದೇ ಪೀಠದ ಮುಂದೆ ತಂದ ತಾಯಿಗೆ ಆ ನ್ಯಾಯಾಧೀಶರು ಯಾರಾಗಿ ಕಂಡರು ಎಂಬುದನ್ನು ಅವು ಹೇಳಲಾರವು. ಮೌಖಿಕ ಚರಿತ್ರೆಯ ಅಗತ್ಯ ಹುಟ್ಟುವುದು ಇಲ್ಲಿ.

ಇಂಥ ಬಡಾವಣೆಯಲ್ಲಿ ಸಂಶೋಧಕರು ಇಸವಿಗಳನ್ನು ಕೇಳುತ್ತ ಹೋಗುವುದು ನಿಷ್ಫಲ. ನಮ್ಮ ಹಳ್ಳಿಗಳ ಹಿರಿಯರು ಪ್ಲೇಗು ಬಂದ ವರ್ಷ, ಬರ ಬಿದ್ದ ವರ್ಷ ಎಂದು ಕಾಲವನ್ನು ಗುರುತಿಸುವ ಹಾಗೆಯೇ, ರೆಡ್ ಹುಕ್ಕಿನವರಿಗೆ ಡೇಲಿಯವರ ಸಾವು, 2012ರಲ್ಲಿ ಬಡಾವಣೆಯನ್ನು ಮುಳುಗಿಸಿದ ಸ್ಯಾಂಡಿ ಚಂಡಮಾರುತ, 2020ರ ಕೋವಿಡ್ ಇವು ಕಾಲದ ಗುರುತುಗಲ್ಲುಗಳಾಗಬಲ್ಲವು. ಪ್ರಶ್ನಾವಳಿಯು ಇವನ್ನು ಆಧರಿಸಿ ರೂಪುಗೊಳ್ಳಬೇಕು.

4. ಪೂರ್ವಸಿದ್ಧ ಕಥನದ ಸಮಸ್ಯೆ

ಮಾದಕವ್ಯಸನ ನ್ಯಾಯಾಲಯದ ಚಳವಳಿಯನ್ನು ಸಮಾಜಶಾಸ್ತ್ರೀಯವಾಗಿ ಅಭ್ಯಾಸ ಮಾಡಿದ ಜೇಮ್ಸ್ ನೋಲನ್ ಅವರು 2001ರ ತಮ್ಮ ಕೃತಿಯಲ್ಲಿ ಈ ವ್ಯವಸ್ಥೆಯೊಳಗೆ ಕತೆ ಹೇಳುವಿಕೆಗೆ ಇರುವ ಸ್ಥಾನವನ್ನು ಚರ್ಚಿಸಿದ್ದಾರೆ. ಭಾಗಿಗಳ ಕತೆಗೆ ಸಾಮಾನ್ಯವಾಗಿ ಒಂದು ಚೌಕಟ್ಟಿರುತ್ತದೆ: ಪತನ, ತಳ ಮುಟ್ಟಿದ ಗಳಿಗೆ, ನ್ಯಾಯಾಲಯದ ಪ್ರವೇಶ, ಹೋರಾಟ, ಹೊಸ ಬದುಕು. ಈ ಚೌಕಟ್ಟನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಅನೇಕರ ಬದುಕು ನಿಜವಾಗಿಯೂ ಹಾಗೆಯೇ ತಿರುಗಿರಬಹುದು. ಆದರೆ ಅದನ್ನು ಹೇಳಬಲ್ಲವನು ಚಪ್ಪಾಳೆ ಪಡೆದ, ಹೇಳಲು ಬಾರದವನು ದಂಡನೆಯ ಭಯದಲ್ಲಿದ್ದ ಎಂಬುದನ್ನು ಮರೆಯುವಂತಿಲ್ಲ. ಆಧುನಿಕ ಸಮಾಜದಲ್ಲಿ ತಪ್ಪೊಪ್ಪಿಗೆಯು ಕೇಳುವವನ ಅಧಿಕಾರದ ಎದುರಿನಲ್ಲಿ ನಡೆಯುವ ಆಚರಣೆಯೆಂದು ಫೂಕೋ 1976ರಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ನಮ್ಮಲ್ಲಿಯೂ ಇದರ ಸಮಾನ ರೂಪಗಳಿವೆ. ಮದ್ಯವರ್ಜನ ಶಿಬಿರಗಳ ವೇದಿಕೆಯಲ್ಲಿ ಕುಡಿತ ಬಿಟ್ಟವರು ನಿಂತು ತಮ್ಮ ಹಿಂದಿನ ಬದುಕನ್ನು ಹೇಳಿಕೊಳ್ಳುವ ದೃಶ್ಯ ಕರ್ನಾಟಕದ ಓದುಗರಿಗೆ ಪರಿಚಿತ. ಅಲ್ಲಿಯೂ ಸಭೆ ನಿರೀಕ್ಷಿಸುವ ಕತೆಯೊಂದಿದೆ. ವ್ಯತ್ಯಾಸವೆಂದರೆ, ಶಿಬಿರದ ವಕ್ತೃ ಕತೆಯನ್ನು ಸರಿಯಾಗಿ ಹೇಳದಿದ್ದರೆ ಸೆರೆಮನೆಗೆ ಹೋಗುವುದಿಲ್ಲ.

ಹೀಗಿರುವಾಗ ಸಂಶೋಧಕನು ಮಾಡಬೇಕಾದುದೇನು? ಇಟಲಿಯ ಅಲೆಸ್ಸಾಂಡ್ರೊ ಪೊರ್ತೆಲ್ಲಿ ಅವರ ಪ್ರಸಿದ್ಧ ಅಧ್ಯಯನವೊಂದು ಇಲ್ಲಿ ಉಪಯುಕ್ತ. ತೆರ್ನಿ ಪಟ್ಟಣದ ಕಾರ್ಮಿಕ ಲುಯಿಜಿ ತ್ರಸ್ತುಲ್ಲಿ 1949ರಲ್ಲಿ ನಾಟೊ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರಿಂದ ಹತನಾದ. ಆದರೆ ಊರಿನ ಅನೇಕರ ನೆನಪಿನಲ್ಲಿ ಅವನ ಸಾವು 1953ರ ಕಾರ್ಖಾನೆಯ ಸಾಮೂಹಿಕ ವಜಾ ವಿರುದ್ಧದ ಹೋರಾಟಕ್ಕೆ ಸರಿದಿತ್ತು. ಪೊರ್ತೆಲ್ಲಿ ಈ ತಪ್ಪನ್ನು ತಿದ್ದಿ ಮುಂದೆ ಹೋಗಲಿಲ್ಲ. ಆ ಸಾವಿಗೆ ತಕ್ಕ ಕಾರಣವೊಂದನ್ನು ಸಮುದಾಯವು ಹುಡುಕಿಕೊಂಡ ರೀತಿಯೇ ಚರಿತ್ರೆಯ ಸಂಗತಿಯೆಂದು ಪರಿಗಣಿಸಿದರು. ಅದೇ ನ್ಯಾಯದಿಂದ, ವ್ಯಸನದ ವಕ್ತೃವಿನ ಮಾತು ನ್ಯಾಯಾಲಯದ ಕಡತಕ್ಕಿಂತ ಭಿನ್ನವಾದಲ್ಲಿ ಆ ಭಿನ್ನತೆಯೇ ಅಧ್ಯಯನದ ವಸ್ತುವಾಗಬೇಕು.

ವಿಧಾನದ ದೃಷ್ಟಿಯಿಂದ ಮೂರು ಸೂಚನೆಗಳನ್ನು ಮುಂದಿಡಬಹುದು. ಮೊದಲನೆಯದಾಗಿ, ಸಂದರ್ಶನವನ್ನು ವ್ಯಸನದಿಂದ ಆರಂಭಿಸಬಾರದು. ಬಾಲ್ಯ, ದುಡಿಮೆ, ಓಣಿ, ಅಡುಗೆಮನೆ ಇವುಗಳಿಂದ ಆರಂಭವಾದ ಮಾತು ಕಂಠಪಾಠವಾದ ಕತೆಯ ಹೊರಗಿನಿಂದ ಹೊರಡುತ್ತದೆ. ಎರಡನೆಯದಾಗಿ, ಒಂದೇ ಭೇಟಿಗೆ ತೃಪ್ತಿಪಡಬಾರದು; ಮೊದಲ ಭೇಟಿಯಲ್ಲಿ ನ್ಯಾಯಾಲಯಕ್ಕೆ ಹೇಳಿದ ಕತೆಯೇ ಬರುವುದು ಸಹಜ. ಮೂರನೆಯದಾಗಿ, ಕತೆ ಹೇಳಿದ ಪ್ರಸಂಗದ ಬಗೆಗೂ ಕೇಳಬೇಕು: ನ್ಯಾಯಾಧೀಶರ ಮುಂದೆ ಮೊದಲ ಸಲ ಏನು ಹೇಳಿದಿರಿ, ಯಾರು ಹೇಳಿಕೊಟ್ಟರು, ಏನನ್ನು ಬಿಟ್ಟಿರಿ?

5. ಯಾರ ಧ್ವನಿ ಉಳಿಯುತ್ತದೆ?

ಸಮಾರಂಭದಲ್ಲಿ ಪ್ರಮಾಣಪತ್ರ ಪಡೆದವರು ಸುಲಭವಾಗಿ ಸಿಗುತ್ತಾರೆ. ಸಂಸ್ಥೆಯೇ ಅವರನ್ನು ಪರಿಚಯಿಸುತ್ತದೆ. ನಡುವೆಯೇ ಹೊರಬಿದ್ದು ಸೆರೆಮನೆ ಸೇರಿದವರು, ಮರಳಿ ವ್ಯಸನಕ್ಕೆ ಬಿದ್ದವರು, ಚಿಕಿತ್ಸೆಗಿಂತ ಶಿಕ್ಷೆಯೇ ಲೇಸೆಂದು ಮೊದಲೇ ನಿರಾಕರಿಸಿದವರು ಸಿಗುವುದಿಲ್ಲ. ಗೆದ್ದವರ ಕತೆಗಳನ್ನಷ್ಟೇ ಕೂಡಿಟ್ಟರೆ ಅದು ಸಂಸ್ಥೆಯ ಸ್ಮರಣಸಂಚಿಕೆಯಾದೀತೇ ಹೊರತು ಚರಿತ್ರೆಯಾಗದು. ಡೇವಿಡ್ ಕೋರ್ಟ್‌ರೈಟ್, ಹರ್ಮನ್ ಜೋಸೆಫ್, ಡಾನ್ ಡೆ ಜಾರ್ಲೇ ಅವರು 1989ರಲ್ಲಿ ಪ್ರಕಟಿಸಿದ, 1923ರಿಂದ 1965ರವರೆಗಿನ ಅಮೆರಿಕದ ವ್ಯಸನಿಗಳ ಮೌಖಿಕ ಚರಿತ್ರೆಯ ಹೆಸರಿನಲ್ಲಿಯೇ 'ಬದುಕುಳಿದವರು' ಎಂಬ ಮಾತಿದೆ. ಬದುಕುಳಿಯದವರು ಆ ಪುಟಗಳಲ್ಲಿಲ್ಲ ಎಂಬ ಅರಿವು ಆ ಹೆಸರಿನಲ್ಲಿಯೇ ಅಡಗಿದೆ.

ಔಷಧದ ಪ್ರಶ್ನೆಯು ಇದಕ್ಕೆ ಒಳ್ಳೆಯ ಉದಾಹರಣೆ. ಹೆರಾಯಿನ್ ವ್ಯಸನಕ್ಕೆ ಮೆಥಡೋನ್ ಚಿಕಿತ್ಸೆ 1960ರ ದಶಕದಿಂದಲೇ ಬಳಕೆಯಲ್ಲಿತ್ತು. ಆದರೂ ಅನೇಕ ಮಾದಕವ್ಯಸನ ನ್ಯಾಯಾಲಯಗಳು ಅದನ್ನು ಒಂದು ಮಾದಕದ ಬದಲು ಇನ್ನೊಂದೆಂದು ಬಗೆದು ನಿಷೇಧಿಸಿದ್ದವು. ಇಂಥ ಔಷಧಗಳನ್ನು ನಿರಾಕರಿಸುವ ನ್ಯಾಯಾಲಯಗಳಿಗೆ ಧನಸಹಾಯವಿಲ್ಲವೆಂಬ ನಿಲುವನ್ನು ಕೇಂದ್ರ ಸರ್ಕಾರ ತಳೆದದ್ದು 2015ರಲ್ಲಿ. ಅದಕ್ಕೆ ಮುನ್ನ ಔಷಧ ಬಿಡಲಾರದೆ ಹೊರಬಿದ್ದವನನ್ನು ಕಡತವು ವಿಫಲನೆಂದು ದಾಖಲಿಸಿದೆ. ವಿಫಲವಾದುದು ಆತನೋ ನಿಯಮವೋ ಎಂಬುದನ್ನು ಕೇಳಬಲ್ಲ ಆಕರವೆಂದರೆ ಅವನ ಮಾತು. ಅವನು ಇಲ್ಲದಿದ್ದರೆ ಅವನ ಮನೆಯವರ ಮಾತು.

ನ್ಯಾಯಾಧೀಶ, ಗುಮಾಸ್ತ, ಪೊಲೀಸ್ ಸಿಬ್ಬಂದಿ, ಸರ್ಕಾರಿ ಖರ್ಚಿನ ವಕೀಲ, ಆಪ್ತಸಮಾಲೋಚಕಿ, ಎದುರುಬದಿಯ ಅಂಗಡಿಯವ ಇವರೂ ವಕ್ತೃಗಳೇ. ಒಂದೇ ದಿನದ ಕಲಾಪವನ್ನು ಇವರು ಬೇರೆಬೇರೆಯಾಗಿ ನೆನೆಯುತ್ತಾರೆ. ಮೈಕೆಲ್ ಫ್ರಿಶ್ ಅವರು 1990ರಲ್ಲಿ ಮಂಡಿಸಿದ 'ಹಂಚಿಕೊಂಡ ಕರ್ತೃತ್ವ'ದ ವಿಚಾರವು, ಸಂದರ್ಶಕ ಮತ್ತು ವಕ್ತೃ ಇಬ್ಬರೂ ಸೇರಿ ಚರಿತ್ರೆಯನ್ನು ಅರ್ಥೈಸುತ್ತಾರೆ ಎನ್ನುತ್ತದೆ. ಇದನ್ನು ಒಪ್ಪುವುದಾದರೆ ಲಿಪೀಕೃತ ಪಠ್ಯವನ್ನು ವಕ್ತೃವಿಗೆ ಓದಿ ಹೇಳಿ, ತೆಗೆಯಬೇಕೆಂದ ಭಾಗವನ್ನು ತೆಗೆಯುವ ಹಕ್ಕನ್ನು ಅವನಿಗೆ ಕೊಡಬೇಕು.

6. ಧ್ವನಿಮುದ್ರಿಕೆಯೂ ಸಾಕ್ಷ್ಯವೇ

ಅಮೆರಿಕದ ಬೋಸ್ಟನ್ ಕಾಲೇಜು 2001ರಿಂದ 2006ರವರೆಗೆ ಉತ್ತರ ಐರ್ಲೆಂಡಿನ ಸಶಸ್ತ್ರ ಗುಂಪುಗಳ ಮಾಜಿ ಸದಸ್ಯರ ಮಾತುಗಳನ್ನು ಮುದ್ರಿಸಿಕೊಂಡಿತು. ವಕ್ತೃವಿನ ಜೀವಿತಕಾಲದಲ್ಲಿ ಅವು ಹೊರಬರುವುದಿಲ್ಲವೆಂದು ಆಶ್ವಾಸನೆ ನೀಡಲಾಗಿತ್ತು. 2011ರಲ್ಲಿ ಬ್ರಿಟನ್ನಿನ ಕೋರಿಕೆಯ ಮೇರೆಗೆ ಸಮನ್ಸ್ ಜಾರಿಯಾಯಿತು. ದೀರ್ಘ ವ್ಯಾಜ್ಯದ ಬಳಿಕ ಕೆಲವು ಮುದ್ರಿಕೆಗಳು ಪೊಲೀಸರ ಕೈಸೇರಿದವು. ಸಂಶೋಧಕನ ಮಾತಿಗೆ ಕಾನೂನಿನ ಬಲವಿಲ್ಲವೆಂಬುದನ್ನು ಈ ಪ್ರಕರಣ ಸ್ಪಷ್ಟಪಡಿಸಿತು. ವ್ಯಸನ ಚಿಕಿತ್ಸೆಯ ರೋಗಿಗಳ ದಾಖಲೆಗಳಿಗೆ ಅಮೆರಿಕದಲ್ಲಿ 1970ರ ದಶಕದಿಂದ ವಿಶೇಷ ಗೋಪ್ಯತೆಯ ರಕ್ಷಣೆಯಿದೆ. ಆದರೆ ಅದು ಅನ್ವಯಿಸುವುದು ಚಿಕಿತ್ಸಾಲಯದ ಕಡತಕ್ಕೆ. ಅದೇ ರೋಗಿ ಚರಿತ್ರಕಾರನಿಗೆ ಸ್ವತಃ ಹೇಳಿದ ಮಾತಿಗಲ್ಲ.

ಭಾರತದ ಸ್ಥಿತಿಯನ್ನು ಇದರೊಂದಿಗೆ ಹೋಲಿಸಬಹುದು. 1985ರ ಮಾದಕದ್ರವ್ಯ ಕಾಯಿದೆಯ 39ನೆಯ ಕಲಮು, ಅಲ್ಪ ಪ್ರಮಾಣದ ಅಪರಾಧದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು ಅವನ ಒಪ್ಪಿಗೆಯೊಂದಿಗೆ ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. 64ಎ ಕಲಮು ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಅಪರಾಧಗಳ ಮಟ್ಟಿಗೆ ವಿಚಾರಣೆಯಿಂದ ವಿನಾಯಿತಿ ನೀಡುತ್ತದೆ. ಕಾಯಿದೆಯಡಿಯ ವಿಶೇಷ ನ್ಯಾಯಾಲಯಗಳಾದರೋ ವಿಚಾರಣೆಗಾಗಿ ಇರುವಂಥವು; ಚಿಕಿತ್ಸೆಯನ್ನು ಪೀಠದಿಂದಲೇ ನಡೆಸುವ ಅಮೆರಿಕದ ಮಾದರಿಯವಲ್ಲ. ಈ ಕಾಯಿದೆಯ 67ನೆಯ ಕಲಮಿನಡಿ ಅಧಿಕಾರಿಗಳು ಪಡೆದ ಹೇಳಿಕೆಯನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಬಹುಮತದಿಂದ ತೀರ್ಪಿತ್ತಿತು. ಆದರೆ ಖಾಸಗಿ ವ್ಯಕ್ತಿಯೊಬ್ಬರ ಮುಂದೆ ಮಾಡಿದ ತಪ್ಪೊಪ್ಪಿಗೆಯು, ದುರ್ಬಲವೆಂದು ಎಣಿಸಲ್ಪಟ್ಟರೂ, ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಸಾಕ್ಷ್ಯವಾಗಬಲ್ಲದು. ವಕೀಲ ಮತ್ತು ಕಕ್ಷಿದಾರರ ಮಾತುಕತೆಗೆ ಇರುವ ರಕ್ಷಣೆ ಸಂಶೋಧಕ ಮತ್ತು ವಕ್ತೃವಿನ ಮಾತುಕತೆಗೆ ಇಲ್ಲ. ಹೀಗಾಗಿ ಅಧಿಕಾರಿಯ ಮುಂದೆ ಆಡಿದ ಮಾತಿಗಿಂತ ವಿಶ್ವವಿದ್ಯಾಲಯದ ಸಂಶೋಧಕನ ಮುಂದೆ ಆಡಿದ ಮಾತೇ ವಕ್ತೃವಿಗೆ ಅಪಾಯಕಾರಿಯಾಗಬಹುದೆಂಬ ವಿಪರ್ಯಾಸ ಇಲ್ಲಿದೆ.

ಆದ್ದರಿಂದ ಕೆಲವು ನಿಯಮಗಳು ಅನಿವಾರ್ಯ. ವಿಚಾರಣೆ ಬಾಕಿಯಿರುವವರನ್ನು ಸಂದರ್ಶಿಸಬಾರದು. ಮುಗಿಯದ ಅಪರಾಧ, ಬೇರೆಯವರ ಹೆಸರು, ಸರಕು ಸಿಕ್ಕ ಜಾಗ ಇವುಗಳ ಬಗ್ಗೆ ಪ್ರಶ್ನೆ ಕೇಳಬಾರದು. ಮಾತು ಅತ್ತ ಹೊರಳಿದರೆ ಯಂತ್ರವನ್ನು ನಿಲ್ಲಿಸಬೇಕು. ಉಳಿಸಿಕೊಡಲಾಗದ ಗೋಪ್ಯತೆಯ ಆಶ್ವಾಸನೆಯನ್ನು ಕೊಡಬಾರದು. ಅಮೆರಿಕದಲ್ಲಿ 2019ರಿಂದ ಜಾರಿಯಲ್ಲಿರುವ ಪರಿಷ್ಕೃತ ನಿಯಮಾವಳಿಯು ಮೌಖಿಕ ಚರಿತ್ರೆಯನ್ನು ಮಾನವ ಸಂಶೋಧನೆಯ ಅನುಮೋದನಾ ಪ್ರಕ್ರಿಯೆಯಿಂದ ಹೊರಗಿಟ್ಟಿದೆ. ಇದರಿಂದ ಸಂಶೋಧಕನಿಗೆ ಸ್ವಾತಂತ್ರ್ಯ ದೊರೆತಂತೆಯೇ ನೈತಿಕ ಹೊಣೆಯೂ ಅವನೊಬ್ಬನ ಮೇಲೆಯೇ ಬಿದ್ದಿದೆ.

7. ಕನ್ನಡದ ವಾಕ್ಯರಚನೆ ಹೇಳುವುದೇನು?

ಇಂಥ ದಾಖಲೀಕರಣವನ್ನು ಕನ್ನಡದಲ್ಲಿ ಕೈಗೊಂಡಾಗ ಭಾಷೆಯೇ ಒಂದು ಆಕರವಾಗಿ ಒದಗುತ್ತದೆ. 'ಕುಡಿತ ಬಿಟ್ಟೆ', 'ಕುಡಿತ ಬಿಟ್ಟುಹೋಯಿತು', 'ಕುಡಿತ ಬಿಡಿಸಿದರು' ಈ ಮೂರು ವಾಕ್ಯಗಳೂ ಒಂದೇ ಘಟನೆಯನ್ನು ಸೂಚಿಸಬಹುದು. ಆದರೆ ಮೊದಲನೆಯದರಲ್ಲಿ ಕರ್ತೃ ತಾನೇ. ಎರಡನೆಯದರಲ್ಲಿ ಯಾರೂ ಇಲ್ಲ. ಮೂರನೆಯ ಪ್ರೇರಣಾರ್ಥಕ ರೂಪದಲ್ಲಿ ಕರ್ತೃ ಬೇರೆಯವರು. ಚಿಕಿತ್ಸೆಯು ಆಯ್ಕೆಯೋ ಒತ್ತಾಯವೋ ಎಂಬ, ಮಾದಕವ್ಯಸನ ನ್ಯಾಯಾಲಯಗಳ ಕುರಿತ ಮೂಲಭೂತ ವಿವಾದಕ್ಕೆ ವಕ್ತೃವು ತನಗರಿವಿಲ್ಲದೆಯೇ ಕ್ರಿಯಾಪದದಲ್ಲಿ ಉತ್ತರ ಕೊಟ್ಟಿರುತ್ತಾನೆ. ಒಂದೇ ಸಂದರ್ಶನದಲ್ಲಿ ಅವನು ಒಂದು ರೂಪದಿಂದ ಇನ್ನೊಂದಕ್ಕೆ ಜಾರುವ ಸ್ಥಳಗಳನ್ನು ಗುರುತಿಸಬೇಕು.

ಎರಡನೆಯ ಅಂಶ 'ಅಂತೆ' ಪ್ರತ್ಯಯದ್ದು. ಕೇಳಿ ತಿಳಿದುದನ್ನು ಕಂಡುದರಿಂದ ಬೇರ್ಪಡಿಸುವ ಈ ಪ್ರತ್ಯಯವನ್ನು ಸಾಮಾನ್ಯವಾಗಿ ಬೇರೆಯವರ ಬಗ್ಗೆ ಬಳಸುತ್ತೇವೆ. ಅಮಲಿನಲ್ಲಿ ಕಳೆದ ಕಾಲವನ್ನು ಹೇಳುವವನು ತನ್ನ ಬಗ್ಗೆಯೇ 'ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದೆನಂತೆ', 'ಅಮ್ಮನಿಗೆ ಹೊಡೆದೆನಂತೆ' ಎನ್ನಬಹುದು. ತನ್ನ ಬದುಕಿಗೆ ತಾನೇ ಸಾಕ್ಷಿಯಲ್ಲದ ಸ್ಥಿತಿಯನ್ನು ಈ ಎರಡಕ್ಷರ ಹೇಳುತ್ತದೆ. ಅದರ ಹಿಂದೆ, ಕಂಡು ಹೇಳಿದ ತಾಯಿಯೋ ಹೆಂಡತಿಯೋ ಇರುತ್ತಾರೆ. ಮುಂದಿನ ಸಂದರ್ಶನ ಯಾರದಾಗಬೇಕೆಂಬುದನ್ನೂ ಆ ಪ್ರತ್ಯಯವೇ ತೋರಿಸುತ್ತದೆ. ಲಿಪೀಕರಣದಲ್ಲಿ ಭಾಷೆಯನ್ನು ಶಿಷ್ಟಗೊಳಿಸುವ ಹವ್ಯಾಸದಿಂದ 'ಬಿದ್ದಿದ್ದೆ', 'ಹೊಡೆದೆ' ಎಂದು ತಿದ್ದಿಬಿಟ್ಟರೆ ಕೇಳಿದ ಮಾತು ತಪ್ಪೊಪ್ಪಿಗೆಯಾಗಿ ಮಾರ್ಪಡುತ್ತದೆ. ಹಿಂದಿನ ಭಾಗದಲ್ಲಿ ಹೇಳಿದ ಕಾನೂನಿನ ಅಪಾಯವನ್ನು ನೆನೆದರೆ ಇದು ಕೇವಲ ಶೈಲಿಯ ಪ್ರಶ್ನೆಯಲ್ಲವೆಂಬುದು ಮನದಟ್ಟಾಗುತ್ತದೆ. 'ಚಟ', 'ದುಶ್ಚಟ', 'ವ್ಯಸನ', 'ಕಾಯಿಲೆ' ಇವುಗಳಲ್ಲಿ ವಕ್ತೃ ಬಳಸಿದ ಪದವನ್ನೇ ಉಳಿಸಬೇಕೆಂಬ ಮಾತಿಗೂ ಇದೇ ಸಮರ್ಥನೆ: ಚಟ ಎಂದವನು ತನ್ನನ್ನು ದೂಷಿಸಿಕೊಳ್ಳುತ್ತಿದ್ದಾನೆ, ಕಾಯಿಲೆ ಎಂದವನು ವೈದ್ಯರ ಮಾತನ್ನು ತನ್ನದಾಗಿಸಿಕೊಂಡಿದ್ದಾನೆ.

8. ಉಪಸಂಹಾರ

ಒಟ್ಟಾರೆಯಾಗಿ, ಮಾದಕವ್ಯಸನ ನ್ಯಾಯಾಲಯವು ವ್ಯಕ್ತಿಯ ಕತೆಯನ್ನು ಕೇಳುವ ಸಂಸ್ಥೆ. ಆದರೆ ತೀರ್ಪಿಗಾಗಿ ಕೇಳುವ ಸಂಸ್ಥೆ. ಮೌಖಿಕ ಚರಿತ್ರೆಯೂ ಅದೇ ಕತೆಯನ್ನು ಕೇಳುತ್ತದೆ. ತೀರ್ಪು ಕೊಡುವ ಅಧಿಕಾರವೂ ಅಗತ್ಯವೂ ಅದಕ್ಕಿಲ್ಲ. ಈ ಭೇದವನ್ನು ವಕ್ತೃವಿಗೆ ಮನವರಿಕೆ ಮಾಡಿಕೊಡಬಲ್ಲ ಸಂಶೋಧಕನಿಗೆ ಮಾತ್ರ ನ್ಯಾಯಾಲಯದ ಕಡತದಲ್ಲಿಲ್ಲದ ಮಾತು ದಕ್ಕೀತು. ಕರ್ನಾಟಕದಲ್ಲಿ ವ್ಯಸನಮುಕ್ತಿ ಕೇಂದ್ರಗಳು, ಮದ್ಯವರ್ಜನ ಶಿಬಿರಗಳು, 39ನೆಯ ಕಲಮಿನಡಿ ಚಿಕಿತ್ಸೆಗೆ ಹೋದವರ ಕುಟುಂಬಗಳು ಇಂಥ ಅಧ್ಯಯನಕ್ಕೆ ತೆರೆದ ಕ್ಷೇತ್ರಗಳು. ಜಾನಪದ ಕ್ಷೇತ್ರಕಾರ್ಯದಿಂದ ನಾವು ಆಲಿಸುವುದನ್ನು ಕಲಿತಿದ್ದೇವೆ. ಯಂತ್ರವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಇನ್ನು ಕಲಿಯಬೇಕಾಗಿದೆ.